ಬೇಲಿಯ ಸಂದಿನಲ್ಲಿ ಎರಡು ಕಣ್ಣು

ಪುಣೆಯ ಶನಿವಾರ ಪೇಠೆಯ ಒಂದು ವಾಡೆಯಲ್ಲಿ ಬಾಡಿಗೆಗಿದ್ದ ಮಾರ್ತಾಂಡರಾಯರಿಗೆ ಗಿಡಮರಗಳ ಪರಿಚಯ ಎಷ್ಟಿತ್ತೆಂದರೆ, ತುಳಸಿಯನ್ನು ಅದು ಕಟ್ಟೆಯ ಮೇಲಿದ್ದರೆ ತಪ್ಪದೆ ಗುರುತಿಸುತ್ತಿದ್ದರು. ಬೇರೆ ಕಡೆ ಕಂಡರೆ ಹೇಳುವಂತಿರಲಿಲ್ಲ. ಹಾಗಿದ್ದೂ ಮುಂಬಯಿ ಪ್ರಾಂತದ ಧಾರವಾಡ, ಬೆಳಗಾವಿ ಕಡೆಯ ಒಕ್ಕಲಿಗರೆಲ್ಲ ಬೇಲಿ ಹೇಗೆ ಹಾಕಬೇಕು, ಗಿಡದ ಟೊಂಗೆ ಯಾವಾಗ ಸವರಬೇಕು, ಹೊಲಕ್ಕೆ ಹಂದಿ ನುಗ್ಗಿದರೆ ಏನು, ಹಟ್ಟಿಗೆ ಚಿರತೆ ಬಂದರೆ ಏನು ಎಂಬುದನ್ನು ಓದಿ ತಿಳಿಯುತ್ತಿದ್ದುದು ಇವರ ಕೈಬರಹದಿಂದಲೇ.

ಆಗಿನ್ನೂ ಇಂಗ್ಲಿಷರ ಆಳಿಕೆ. ಪುಣೆಯ ಒಂದು ಸರಕಾರಿ ಕಚೇರಿಯಿಂದ ಒಕ್ಕಲಿಗರಿಗೆ ಸಲಹೆಯ ಹಸ್ತಪತ್ರಿಕೆಗಳು ಇಂಗ್ಲಿಷಿನಲ್ಲಿ ಹೊರಡುತ್ತಿದ್ದವು. ಅವನ್ನು ಕನ್ನಡಕ್ಕೆ ಇಳಿಸುವ ಕಾರಕೂನರು ನಮ್ಮ ರಾಯರು. ಇಳಿಸುವವರು ಇಳಿಸಿ ಸುಮ್ಮನಿರಬೇಕಲ್ಲ, ಇವರು ಅಲ್ಲಲ್ಲಿ ಸ್ವಂತದ್ದೂ ಒಂದಿಷ್ಟು ಬೆರೆಸುವರು. ಚಿರತೆಯ ವಿಷಯಕ್ಕೆ ಮೂಲದಲ್ಲಿ ‘ಓಡದಿರುವುದು ಮೇಲು’ ಎಂದಿಷ್ಟೇ ಇತ್ತು. ರಾಯರು ಅದನ್ನು ‘ಚಿರತೆಯು ಎದುರಾದಲ್ಲಿ ಬೆನ್ನು ತಿರುಗಿಸದೆ, ಅದರ ಕಣ್ಣಿನಲ್ಲಿ ಕಣ್ಣಿಟ್ಟು, ಎದೆಯುಬ್ಬಿಸಿ ನಿಲ್ಲತಕ್ಕದ್ದು, ಮನುಷ್ಯನ ದೃಷ್ಟಿಯ ತೇಜಸ್ಸನ್ನು ತಾಳಲಾರದೆ ಅದು ತಾನಾಗಿಯೇ ತೆರಳುವುದು’ ಎಂದು ಬೆಳೆಸಿದರು. ಬರೆದ ಮೇಲೆ ತಾವೇ ಎರಡು ಸಲ ಓದಿಕೊಂಡು ತಲೆದೂಗಿದರು.

ಸ್ವತಃ ರಾಯರು ಭಾರಿ ಪುಕ್ಕಲು. ಓಣಿಯಲ್ಲಿ ನಾಯಿ ಮಲಗಿದ್ದರೆ ಪಕ್ಕದ ಗಲ್ಲಿ ಸುತ್ತಿ ಮನೆಗೆ ಬರುವವರು. ಇದು ಹೆಂಡತಿ ಕೃಷ್ಣಾಬಾಯಿಗೆ ಬಿಟ್ಟರೆ ಬೇರೆ ಯಾರಿಗೂ ತಿಳಿಯದಂತೆ ಅವರು ಕಾಪಾಡಿಕೊಂಡು ಬಂದಿದ್ದರು. ಹೊರಗೆ ಮಾತ್ರ ಅವರ ಮಾತೇ ಬೇರೆ. ಕಚೇರಿ ಬಿಟ್ಟ ಮೇಲೆ ಸ್ವಾರಗೇಟ ನಾಕಾದ ಹತ್ತಿರ ಕಾಂತಪ್ಪನ ಹೋಟೆಲಿಗೆ ಹೋಗಿ, ಕಾಫಿ ಕುಡಿಯುತ್ತ, ಟಾಂಗಾದವರಿಗೂ ಹಾಲಿನವರಿಗೂ ಕಾಡುಮೃಗಗಳ ಸ್ವಭಾವವನ್ನು ವಿವರಿಸುವರು. ಅವರು ಚಿರತೆಯ ವಿಷಯ ಹೇಳುವಾಗ ಕೇಳಿದವರಿಗೆ ಅದೇನೋ ಇವರ ಮನೆಯಲ್ಲೇ ಹುಟ್ಟಿ ಬೆಳೆದಿರಬೇಕು ಎನಿಸುತ್ತಿತ್ತು.

ಕಾಂತಪ್ಪ ಉಡುಪಿ ಕಡೆಯವನು. ಹೋಟೆಲಿಗೆ ಹಾಲು ಬೇಕೆಂದು ಊರಾಚೆ ಕೊಂಢವಾದಲ್ಲಿ ಸ್ವಲ್ಪ ಜಾಗ ಕೊಂಡು ದನ ಕಟ್ಟಿದ್ದ. ಒಂದು ದಿನ ಅವನು ಕಾಫಿಯ ಜೊತೆಗೆ ಕೇಳದೆಯೇ ಗೋಳಿಬಜೆ ತಂದಿಟ್ಟು ಎದುರು ಕೂತ. ಆಗಲೇ ರಾಯರು ಎದ್ದು ಹೋಗಬೇಕಿತ್ತು.

“ರಾಯರೇ, ನಮ್ಮ ಕೊಂಢವಾದ ಹಟ್ಟಿಯಿಂದ ಕರು ಹೋಗ್ತಾ ಉಂಟು ಮಾರಾಯ್ರೆ. ಬೇಲಿಯಲ್ಲಿ ಎಲ್ಲೋ ಸಂದು ಉಂಟು, ಅಲ್ಲಿಂದ ಎಂತದೋ ಬರ್ತದೆ. ನೀವೊಮ್ಮೆ ಬಂದು ನೋಡಿದರೆ ನನ್ನ ಚಿಂತೆ ಹೋಗ್ತದೆ.”

ರಾಯರ ಬಾಯಲ್ಲಿದ್ದ ಬಜೆ ಅಲ್ಲೇ ನಿಂತಿತು. “ಬರೂದೇನು ಅವಶ್ಯ ಇಲ್ಲ. ಕಳ್ಳೀ ಬೇಲಿ ಎರಡು ಸಾಲು ಹಾಕ್ರಿ. ಕೆಳಗ ಸಂದು ಬಿಟ್ಟಲ್ಲಿ ಜಾಲಿ ಮುಳ್ಳು ಒಟ್ರಿ. ಮುಗೀತು.”

“ಕಾಣದೆ ಮದ್ದು ಕೊಟ್ಟರೆ ಆಗ್ತದಾ? ಟಾಂಗಾ ಹೇಳಿ ಆಗಿದೆ.”

ಸುತ್ತ ಕೂತಿದ್ದ ಟಾಂಗಾದವರು, ಹಾಲಿನವರು ಎಲ್ಲರೂ ರಾಯರ ಮುಖ ನೋಡುತ್ತಿದ್ದರು. ಇಷ್ಟು ದಿನ ಅವರಿಗೆ ಹೇಳಿದ್ದನ್ನೆಲ್ಲ ನೆನೆದು ರಾಯರು ಬಜೆ ನುಂಗಿ, “ನಡೀರಿ” ಎಂದರು. ಬೆಳಕಿರುವಾಗಲೇ ಹೋಗಿ ಬೆಳಕಿರುವಾಗಲೇ ಬರಬೇಕೆಂದು ಅವರ ಲೆಕ್ಕ. ಟಾಂಗಾದ ಕುದುರೆಗೆ ಆ ಲೆಕ್ಕ ಗೊತ್ತಿರಲಿಲ್ಲ. ಕೊಂಢವಾ ಮುಟ್ಟುವಾಗ ಹೊತ್ತು ಗುಡ್ಡದ ಹಿಂದೆ ಇಳಿಯುತ್ತಿತ್ತು.

ಕಾಂತಪ್ಪ ಹಟ್ಟಿಗೆ ದನ ನೋಡಲು ಹೋದ. ರಾಯರು ಕೈ ಹಿಂದೆ ಕಟ್ಟಿಕೊಂಡು, ದೊಡ್ಡ ಅಧಿಕಾರಿಯ ಹಾಗೆ, ಬೇಲಿಯ ಉದ್ದಕ್ಕೂ ಒಬ್ಬರೇ ನಡೆದರು. ಒಂದು ಹುಣಸೆ ಮರದ ಹತ್ತಿರ ಕಳ್ಳಿ ಎರಡಾಗಿ ಸೀಳಿದಂತಿತ್ತು. ಹಾ, ಸಂದು ಸಿಕ್ಕಿತು ಎಂದು ಬಗ್ಗಿ ನೋಡಿದರು. ಒಳಗೆ ಕತ್ತಲಲ್ಲಿ ಕೆಂಪನೆಯ ಒಂದು ದುಂಡು ಮುಖ. ಅದರಲ್ಲಿ ಎರಡು ಹೊಳೆಯುವ ಕಣ್ಣು.

ಇದು ಚಿರತೆಯೇ ಎಂದು ರಾಯರಿಗೆ ಖಾತ್ರಿಯಾಯಿತು. ಓಡಬೇಕೆಂದರೆ ತಾವೇ ಬರೆದ ವಾಕ್ಯ ಅಡ್ಡ ಬಂತು. ಬೆನ್ನು ತಿರುಗಿಸುವಂತಿಲ್ಲ. ಕಣ್ಣಲ್ಲಿ ಕಣ್ಣಿಡತಕ್ಕದ್ದು. ಇಟ್ಟರು. ಎದೆಯನ್ನು ಉಬ್ಬಿಸಹೋದರು, ಅದು ಉಬ್ಬಲಿಲ್ಲ. ಅದು ಈಗ ತೆರಳಬಹುದು, ಇನ್ನೇನು ತೆರಳಬಹುದು ಎಂದು ಕಾದರು. ಅದು ತೆರಳುವುದು ಹಾಗಿರಲಿ, ರೆಪ್ಪೆ ಕೂಡ ಬಡಿಯಲಿಲ್ಲ. ತಮ್ಮ ದೃಷ್ಟಿಯಲ್ಲಿ ತೇಜಸ್ಸು ಕಡಿಮೆಯಾಗಿರಬೇಕೆಂದು ರಾಯರು ಕಣ್ಣನ್ನು ಇನ್ನಷ್ಟು ಅಗಲಿಸಿದರು. ನೀರು ಸುರಿಯಿತು. ಒರೆಸಿಕೊಳ್ಳಲು ಧೈರ್ಯ ಬರಲಿಲ್ಲ.

ದನ ಹೊಡೆದುಕೊಂಡು ಬರುತ್ತಿದ್ದ ಕೊಂಢವಾದ ಜನ ಇದನ್ನು ಕಂಡು ನಿಂತರು. ಒಬ್ಬರು ನಿಂತದ್ದು ಕಂಡು ಹತ್ತು ಮಂದಿ ನಿಂತರು. ಊರ ಪಾಟೀಲನೂ ಬಂದ. ಕೊನೆಗೆ ಕಾಂತಪ್ಪ ಕಂದೀಲು ಹಿಡಿದು ಬಂದು ಬೇಲಿಯೊಳಗೆ ಬೆಳಕು ಬಿಟ್ಟ. ಅಲ್ಲಿದ್ದುದು ಒಂದು ಕಲ್ಲು. ಮೈತುಂಬ ಕೆಂಪು ಶೇಂದೂರ ಬಳಿದು, ಬೆಳ್ಳಿಯ ಎರಡು ಕಣ್ಣು ಅಂಟಿಸಿದ ಕಲ್ಲು. ಆ ಕಡೆ ಹಳ್ಳಿಯವರು ಚಿರತೆಯ ಕಾಟ ಬೇಡವೆಂದು ಪೂಜಿಸುವ ವಾಘೋಬಾ. ರಾಯರ ಊರು ಧಾರವಾಡದಲ್ಲಿ ದೇವರು ಗುಡಿಯಲ್ಲಿರುತ್ತಾನೆ, ಬಾಗಿಲು ಹಾಕಿಕೊಂಡು. ಬೇಲಿಯ ಸಂದಿನಲ್ಲಿ ಕೂತು ಹೋಗಿ ಬರುವವರನ್ನು ನೋಡುತ್ತಾನೆಂದು ಪಾಪ ರಾಯರಿಗೆ ಹೇಗೆ ಗೊತ್ತಾಗಬೇಕು?

ಕಲ್ಲು ಎಂದು ಗೊತ್ತಾದ ಕೂಡಲೆ ಅಷ್ಟು ಹೊತ್ತು ಹಿಡಿದಿಟ್ಟ ಜೀವ ಸಡಿಲಾಗಿ ರಾಯರು ಎಚ್ಚರ ತಪ್ಪಿ ಮುಂದಕ್ಕೆ ಬಿದ್ದರು. ಎರಡೂ ಕೈ ದೇವರ ಕಡೆಗೆ ಚಾಚಿದ್ದವು.

“ಸಾಷ್ಟಾಂಗ,” ಎಂದ ಪಾಟೀಲ ಮೆಲ್ಲಗೆ. ಟೋಪಿ, ಮುಂಡಾಸು ಎಲ್ಲ ಕೆಳಗಿಳಿದವು. “ಅಪ್ಪಾ, ವಾಘೋಬಾನ ಎದುರು ಕಣ್ಣು ಮಿಟುಕಿಸದೆ ಹೀಗೆ ಅಳುತ್ತ ನಿಂತವರನ್ನು ನನ್ನ ಜನ್ಮದಲ್ಲಿ ಕಂಡಿಲ್ಲ.”

ಆಮೇಲೆ ಆದದ್ದು ಕೆಟ್ಟ ಗ್ರಹಚಾರ. ಆ ದಿನದಿಂದ ಕರು ಹೋಗುವುದು ನಿಂತಿತು. ಬೇಲಿಗೆ ಜಾಲಿ ಮುಳ್ಳು ಒಟ್ಟಿದ್ದರಿಂದ ನಿಂತಿತೋ, ಚಿರತೆಗೆ ಬೇರೆ ಊರಲ್ಲಿ ಕೆಲಸ ಬಿತ್ತೋ, ಯಾರು ಕೇಳುತ್ತಾರೆ? ಸ್ವಾರಗೇಟದಲ್ಲಿ ಟಾಂಗಾದವರು ಇದನ್ನು ಹೇಳುವಾಗ ಎದುರಿಗಿದ್ದುದು ಕಲ್ಲಾಗಿತ್ತು. ಪೇಠೆಗಳಿಗೆ ಬಂದು ಮುಟ್ಟುವಾಗ ಅದು ಚಿರತೆಯಾಗಿತ್ತು. ವಾಡೆಯ ನಲ್ಲಿಯ ಹತ್ತಿರ ಕೃಷ್ಣಾಬಾಯಿಗೆ ಮೊದಲ ಕೊಡ ಬಿಟ್ಟುಕೊಡತೊಡಗಿದರು. ಮೇಲಿನ ಖೋಲಿಯ ರಾಧಾಬಾಯಿ ಮೊಮ್ಮಗಳಿಗೆ ದೃಷ್ಟಿಯಾಗಿದೆಯೆಂದು ಎತ್ತಿಕೊಂಡು ಬಂದು, “ರಾಯರು ಒಂದ ಸಲ ದಿಟ್ಟಿಸಿ ನೋಡಲಿ, ಎಂಥಾ ದೃಷ್ಟಿ ಇದ್ರೂ ಹೋಗ್ತದ” ಎಂದು ಕೂಸನ್ನು ಮುಂದಿಟ್ಟಳು. ರಾಯರು ನೋಡಿದರು. ಕೂಸು ಕಿಟ್ಟನೆ ಕಿರುಚಿತು. “ಹೋತು ನೋಡ್ರಿ” ಎಂದು ಅವಳು ಸಂತೋಷದಿಂದ ಹೋದಳು.

ರಾಯರಿಗೆ ಇದು ಒಳಗೊಳಗೆ ಹಿತವಾಗಿಯೇ ಇತ್ತು, ಕಚೇರಿಯ ಸಾಹೇಬರು ಕರೆಸುವ ತನಕ.

ಸಾಹೇಬರೆಂದರೆ ಮಧುಕರರಾಯರು. ಬೆಳಗಾವಿಯಿಂದ ಹೊಸದಾಗಿ ಬಂದವರು, ಕನ್ನಡ ಮರಾಠಿ ಎರಡೂ ಬಲ್ಲವರು, ಮುಖ ಕಾಣುವಂತೆ ಬೂಟು ಉಜ್ಜಿಸಿಕೊಳ್ಳುವವರು.

“ಮಾರ್ತಾಂಡರಾವ, ನೀವು ನಮ್ಮ ಕಚೇರಿಗೆ ಭೂಷಣ,” ಎಂದರು. “ಹಳಿಯಾಳದ ಅಡವಿ ಅಂಚಿನ ಹಳ್ಳಿಗೋಳಿಗೆ ಸಲಹಾ ಕೊಡಾಕ ಒಬ್ಬ ಕನ್ನಡ ಬಲ್ಲಂಥಾ ಧೈರ್ಯವಂತ ಬೇಕಾಗ್ಯಾನ. ಅಲ್ಲಿ ಹುಲಿ ಅವ, ಕರಡಿ ಅವ, ಚಿರತಿ ಅಂತೂ ಅಂಗಳದಾಗ ಮಲಗತಾವಂತ. ಹೆಚ್ಚಿನ ಪಗಾರ. ಅಲ್ಲಿಗೆ ನಿಮ್ಮ ಬದಲೀ ಹುಕುಂ ಈ ವಾರದಾಗ ಹೊರಡಸ್ತೀನಿ.”

ರಾಯರ ಕಣ್ಣೆದುರು ಕಚೇರಿ ಗಿರ್ರನೆ ತಿರುಗಿತು. ತಾವು ಕೂಡುವ ಕುರ್ಚಿ, ಕಿಟಕಿಯ ಗಾಳಿ, ಕಾಂತಪ್ಪನ ಕಾಫಿ, ಎಲ್ಲ ಒಂದೊಂದಾಗಿ ಹಳಿಯಾಳದ ಕಾಡಿನಲ್ಲಿ ಮುಳುಗುತ್ತಿದ್ದವು.

“ಸಾಹೇಬ್ರ, ಅದು ಚಿರತಿ ಅಲ್ರಿ. ಕಲ್ಲು.”

“ಎಂಥಾ ವಿನಯ,” ಎಂದರು ಸಾಹೇಬರು.

“ವಿನಯ ಅಲ್ರಿ ಸಾಹೇಬ್ರ. ನಾ ಭಾಳ ಅಂಜುಬುರುಕ ಮನಷ್ಯಾ. ಅಂಜಿ ನಿಂತಿದ್ದೆ. ಅಂಜೀನ ಬಿದ್ದೆ.”

“ಖರೇ ಧೈರ್ಯವಂತರು ಎಲ್ಲಾರೂ ಹಿಂಗ ಅಂತಾರ,” ಎಂದು ಸಾಹೇಬರು ಎದ್ದು ಬಂದು ರಾಯರ ಬೆನ್ನು ತಟ್ಟಿದರು.

ರಾಯರು ನೇರವಾಗಿ ಹೋಟೆಲಿಗೆ ಓಡಿದರು. ಕಾಂತಪ್ಪ ಕಣ್ಣಾರೆ ಕಂಡ ಸಾಕ್ಷಿ. ಅವನು ಬಂದು ಸಾಹೇಬರ ಎದುರು ಒಂದು ಮಾತು ಹೇಳಿದರೆ ಸಾಕು. ಆದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರಾಯರು ಕೂಡುವ ಬೆಂಚಿನ ಮೇಲೆ ಯಾರೂ ಕೂಡದಂತೆ ಹೂವು ಇಟ್ಟಿದ್ದರು.

“ನಾನು ಹೇಗೆ ಹೇಳುದು ಮಾರಾಯ್ರೆ?” ಎಂದ ಕಾಂತಪ್ಪ. “ಚಿರತೆ ಓಡಿಸಿದ ರಾಯರು ಕಾಫಿ ಕುಡಿಯುವ ಜಾಗ ಅಂತ ಆಚೆ ಲಷ್ಕರ ಪೇಟೆಯಿಂದಲೂ ಜನ ಬರ್ತಾರೆ. ಕಲ್ಲು ಅಂತ ಹೇಳಿದರೆ ನಾಳೆ ನೊಣ ಮಾತ್ರ ಬರುದು. ಅಲ್ಲದೆ ಕೊಂಢವಾದವರ ದೇವರನ್ನು ನಾನು ಬರೇ ಕಲ್ಲು ಅಂತ ಹೇಳಿ ಅಲ್ಲಿ ಹಟ್ಟಿ ಕಟ್ಟಿಕೊಂಡು ಇರುದು ಉಂಟಾ?”

ಮನೆಯಲ್ಲಿ ಕೃಷ್ಣಾಬಾಯಿ ಹಳಿಯಾಳ ಎಂದು ಕೇಳಿ ಒಲೆಯ ಮುಂದೆ ಕುಸಿದು ಕೂತಳು. “ಹುಲಿ ನಿಮ್ಮನ್ನ ತಿನ್ನೂದು ಬ್ಯಾಡ್ರಿ. ಅದು ದೂರ ಎಲ್ಲೋ ಒಮ್ಮೆ ಕೆಮ್ಮಿದ್ರ ಸಾಕು, ನನ್ನ ಕುಂಕುಮ ಹೋತು.” ನಲ್ಲಿಯ ಹತ್ತಿರ ಅವಳು ಯಾರ ಎದುರೂ ಇದನ್ನು ಹೇಳಲಾರಳು. ಗಂಡ ಹೆಂಡತಿ ಇಬ್ಬರೂ ಆ ದಿನ ಊಟವನ್ನು ಕಲಸಿ ಕಲಸಿ ಬಿಟ್ಟರು. ರಾಯರಿಗೆ ನಿಜವಾಗಿಯೂ ಅಳು ಬಂತು. ಇಡೀ ಪುಣೆಯಲ್ಲಿ ತಾನು ಪುಕ್ಕಲನೆಂದು ನಂಬುವ ಒಬ್ಬ ಅಧಿಕಾರಿ ಸಿಗಲಿಲ್ಲವಲ್ಲ ಎಂದು.

ಒಂದೇ ದಾರಿ ಉಳಿದಿತ್ತು. ರಾಯರು ಮತ್ತೆ ಸಾಹೇಬರ ಎದುರು ನಿಂತು, “ನೀವ ಬಂದು ಒಂದ ಸಲ ನೋಡ್ರಿ ಸಾಹೇಬ್ರ. ಕಲ್ಲು ನಾನ ಮುಟ್ಟಿ ತೋರಸ್ತೀನಿ” ಎಂದರು. ಸಾಹೇಬರಿಗೂ ಕುತೂಹಲವಿತ್ತು, ಒಪ್ಪಿದರು. ಕೊಂಢವಾಕ್ಕೆ ಸುದ್ದಿ ಹೋಯಿತು. ದೊಡ್ಡ ಸಾಹೇಬರು ಬರುತ್ತಾರೆಂದು ಪಾಟೀಲ ವಾಘೋಬಾನಿಗೆ ಒಂದು ಒಳ್ಳೆಯ ಹುಂಜವನ್ನು ಕೊಯ್ದು ಸಂದಿನ ಮುಂದೆ ಇಡಿಸಿದ. ಇದನ್ನು ರಾಯರಿಗೆ ಯಾರೂ ಹೇಳಲಿಲ್ಲ.

ಸಾಹೇಬರು ಮಧ್ಯಾಹ್ನ ನಿದ್ದೆ ಮಾಡಿ ಎದ್ದು, ಚಹಾ ಕುಡಿದು ಹೊರಟದ್ದರಿಂದ ಈ ಸಲವೂ ಹೊತ್ತು ಇಳಿದೇ ಇತ್ತು. ಬೂಟಿಗೆ ಸಗಣಿ ಹತ್ತೀತೆಂದು ಅವರು ಸ್ವಲ್ಪ ಹಿಂದೆಯೇ ನಿಂತರು. ಅವರ ಹಿಂದೆ ಪಾಟೀಲ, ಕಾಂತಪ್ಪ, ಕೈಮುಗಿದು ನಿಂತ ಊರ ಜನ.

ಕಲ್ಲೆಂದು ಗೊತ್ತಿದ್ದೂ ರಾಯರಿಗೆ ಆ ಬೆಳ್ಳಿಯ ಕಣ್ಣುಗಳನ್ನು ನೋಡಲು ಧೈರ್ಯವಿರಲಿಲ್ಲ. ಅದಕ್ಕೆ ಅವರು ಸಾಹೇಬರ ಕಡೆಗೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬೇಲಿಯ ಸಂದಿಗೆ ಹೋದರು.

“ನೋಡ್ರಿ ಸಾಹೇಬ್ರ, ಇದಕ್ಕ ನಾ ಅಂಜಿದ್ದು. ಇದು ಏನೂ ಮಾಡೂದಿಲ್ಲ,” ಎಂದು ಬಲಗೈಯನ್ನು ಬೆನ್ನ ಹಿಂದೆ ಚಾಚಿ ಅದರ ತಲೆಯ ಮೇಲಿಟ್ಟರು.

ಕಲ್ಲು ಬೆಚ್ಚಗಿತ್ತು. ದಿನವೆಲ್ಲ ಬಿಸಿಲು ಬಿದ್ದಿರಬೇಕು ಎಂದುಕೊಂಡರು. ಕಲ್ಲು ಮೆತ್ತಗಿತ್ತು. ಸಾಹೇಬರು ಬರುತ್ತಾರೆಂದು ಶಾಲು ಹೊದಿಸಿರಬೇಕು ಎಂದುಕೊಂಡು ಎರಡು ಸಲ ತಟ್ಟಿದರು. ಕಲ್ಲು ಉಸಿರು ಬಿಟ್ಟಿತು. ಇದಕ್ಕೆ ಏನೆಂದುಕೊಳ್ಳಬೇಕೋ ರಾಯರಿಗೆ ಹೊಳೆಯಲಿಲ್ಲ.

ಎದುರಿಗೆ ಸಾಹೇಬರ ಮುಖ ಸುಣ್ಣವಾಗಿತ್ತು. ಹುಂಜದ ಊಟ ಅರ್ಧ ಮುಗಿಸಿದ್ದ ಚಿರತೆ ತಲೆ ಕೊಡವಿತು, ಒಮ್ಮೆ ಗುರ್ ಎಂದಿತು. ಅಷ್ಟೇ. ಊರ ಜನ ಎತ್ತ ಹೋದರೋ ಧೂಳು ಮಾತ್ರ ಉಳಿಯಿತು. ಪಾಟೀಲನೂ ಕಾಂತಪ್ಪನೂ ಹಟ್ಟಿ ಹೊಕ್ಕು ಒಳಗಿನಿಂದ ಅಗಳಿ ಹಾಕಿದರು. ಈ ಗದ್ದಲಕ್ಕೆ ಚಿರತೆಯೂ ಬೆದರಿ ಒಂದೇ ನೆಗೆತಕ್ಕೆ ಪಕ್ಕದ ಹುಣಸೆ ಮರ ಏರಿ ಎಲೆಗಳಲ್ಲಿ ಅಡಗಿತು. ಇದನ್ನು ಕಂಡವರು ರಾಯರು ಒಬ್ಬರೇ. ಧೈರ್ಯದಿಂದಲ್ಲ, ಅವರ ಕಾಲು ಎರಡೂ ಕೆಲಸ ಬಿಟ್ಟಿದ್ದವು.

ಸಾಹೇಬರು ಮೊದಲು ಟಾಂಗಾದ ಕಡೆ ಓಡಿದರು. ಟಾಂಗಾ ಅವರಿಗಿಂತ ಮುಂಚೆ ಹೊರಟುಹೋಗಿತ್ತು. ಹಟ್ಟಿಗೆ ಓಡಿದರು, ಅಗಳಿ ತೆಗೆಯಲಿಲ್ಲ. ಒಂದು ಸುತ್ತು ತಿರುಗಿ, ಕಣ್ಣಿಗೆ ಬಿದ್ದ ಮೊದಲ ಮರವನ್ನು ಬೂಟು ಕೋಟು ಸಮೇತ ಏರಿ ಕೆಳಗಿನ ಟೊಂಗೆಯ ಮೇಲೆ ಕೂತರು. ಅದು ಅದೇ ಹುಣಸೆ ಮರ.

“ಮಾರ್ತಾಂಡರಾವ,” ಎಂದು ಮೇಲಿನಿಂದ ಪಿಸುಗುಟ್ಟಿದರು, “ಅದು ಹೋತೇನು?”

ರಾಯರು ಬಾಯಿ ತೆರೆದರು. ಮಾತು ಬರಲಿಲ್ಲ. ಸಾಹೇಬರ ತಲೆಯ ಮೇಲೆ ಎಲೆಗಳ ನಡುವೆ ಎರಡು ಕಣ್ಣುಗಳು ಕಾಣುತ್ತಿದ್ದವು, ಮತ್ತು ಇವು ರೆಪ್ಪೆ ಬಡಿಯುತ್ತಿದ್ದವು.

“ಯಾಕ ಮಾತಾಡವಲ್ರಿ? ಸಿಟ್ಟಾಗೀರೇನು? ನಾ ಓಡಿದ್ದು ಯಾರ ಮುಂದೂ ಹೇಳಬ್ಯಾಡ್ರಿ.”

ರಾಯರು ಮೇಲೆ ನೋಡುತ್ತಲೇ ಇದ್ದರು.

“ಆತು, ಹಳಿಯಾಳದ ಮಾತು ಬಿಡ್ರಿ. ಬದಲಿ ರದ್ದು. ನೀವು ಪುಣಾದಾಗ ಇರ್ರಿ.”

ಆ ಮಾತಿಗೆ ರಾಯರ ನಾಲಿಗೆಗೆ ಜೀವ ಬಂತು. ಹೇಳಿಬಿಡಬೇಕು ಎಂದುಕೊಂಡರು. ಆದರೆ ಹೇಳಿದರೆ ಸಾಹೇಬರು ಬೆದರಿ, ಬೆದರಿದವರು ಸಿಟ್ಟಾಗಿ, ಸಿಟ್ಟಾದವರು ಮತ್ತೆ ಹಳಿಯಾಳ ಎಂದರೆ? ಮೇಲಿನ ಭಯ ದೊಡ್ಡದೋ ಮುಂದಿನ ಭಯ ದೊಡ್ಡದೋ ತೂಗಿ ನೋಡುತ್ತ ಬಾಯಿ ಮುಚ್ಚಿದರು.

“ಇನ್ನೂ ಸಮಾಧಾನ ಇಲ್ಲೇನು? ಹೆಡ್ ಕಾರಕೂನರ ಜಾಗಾ ಖಾಲಿ ಆದಾಗ ನಿಮಗ…” ಎನ್ನುತ್ತ ಸಾಹೇಬರು ಮುಖಕ್ಕೆ ಅಡ್ಡ ಬಂದದ್ದನ್ನು ಕೈಯಿಂದ ಸರಿಸಿದರು. ಅದು ಮತ್ತೆ ಅಡ್ಡ ಬಂತು. ಈ ಸಲ ಹಿಡಿದರು.

ರಾಯರಿಗೆ ತಡೆಯಲಾಗಲಿಲ್ಲ. ಎಷ್ಟಂದರೂ ಸಾಹೇಬರು ಹೆಂಡತಿ ಮಕ್ಕಳಿದ್ದ ಮನುಷ್ಯ.

“ಸಾಹೇಬ್ರ, ಅದನ್ನ ಎಳೀಬ್ಯಾಡ್ರಿ. ಅದು ಟೊಂಗಿ ಅಲ್ಲ, ಬಾಲ.”

ಸಾಹೇಬರು ಮೇಲೆ ನೋಡಿದರು. ಆಮೇಲೆ ಅವರು ಇಳಿಯಲಿಲ್ಲ, ಬಿದ್ದರು. ಕೆಳಗೆ ಕಾಂತಪ್ಪನ ತಿಪ್ಪೆ ಇದ್ದುದರಿಂದ ಕಾಲೊಂದು ಉಳುಕಿದ್ದು ಬಿಟ್ಟರೆ ಏನೂ ಆಗಲಿಲ್ಲ. ಇಂಥ ಜನರ ಸಹವಾಸವೇ ಬೇಡವೆಂದು ಚಿರತೆ ಆಚೆ ಬದಿಗೆ ಹಾರಿ ಬೋಪದೇವ ಘಾಟಿನ ದಾರಿ ಹಿಡಿಯಿತು.

ಮರುದಿನ ಕಚೇರಿಯಲ್ಲಿ ಸಾಹೇಬರು ಬಚ್ಚಲಲ್ಲಿ ಜಾರಿದರೆಂದು ಸುದ್ದಿಯಿತ್ತು. ಕಟ್ಟು ಕಟ್ಟಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟುಕೊಂಡು ಅವರು ರಾಯರನ್ನು ಕರೆಸಿ ಬಾಗಿಲು ಹಾಕಿಸಿದರು.

“ಅದು ನನ್ನ ತಲಿ ಮ್ಯಾಲೆ ಇದ್ದದ್ದು ನಿಮಗ ಮೊದಲಿಂದ ಗೊತ್ತಿತ್ತು?”

“ಗೊತ್ತಿತ್ರಿ.”

“ಮತ್ತ ಯಾಕ ಹೇಳಲಿಲ್ಲ?”

ರಾಯರು ಕೈಮುಗಿದರು. “ಮೊದಲ ಚಿರತಿಗೆ ಅಂಜಿದೆ. ಆಮ್ಯಾಲೆ ನಿಮಗ ಅಂಜಿದೆ. ಹೇಳಿದ್ರ ಸಿಟ್ಟಿಗೆದ್ದು ಮತ್ತ ಹಳಿಯಾಳಕ್ಕ ಹಾಕತೀರಿ ಅಂತ ಅಂಜಿದೆ. ನನಗ ಬರೇ ಅಂಜಿಕಿ ಸಾಹೇಬ್ರ. ಬ್ಯಾರೆ ಏನೂ ಬರೂದಿಲ್ಲ.”

ಸಾಹೇಬರು ಬಹಳ ಹೊತ್ತು ಅವರನ್ನೇ ನೋಡಿದರು. “ನೀವು ಖರೇನ ಅಂಜುಬುರುಕರು,” ಎಂದರು.

“ಹೌದ್ರಿ ಸಾಹೇಬ್ರ,” ಎಂದರು ರಾಯರು, ಸಂತೋಷದಿಂದ ಕಣ್ಣು ತುಂಬಿ.

“ನಿಮ್ಮಂಥವರನ್ನ ಅಡವಿಗೆ ಕಳಿಸಿ ಸರಕಾರದ ಮಾನ ಕಳಿಯೂದಿಲ್ಲ ನಾನು. ಇಲ್ಲೇ ಬಿದ್ದಿರ್ರಿ. ಕೊಂಢವಾದಾಗ ನೀವು ನೋಡಿದ್ದೇನು?”

“ಕಲ್ಲು ಸಾಹೇಬ್ರ.”

“ನನ್ನನ್ನ?”

“ನೀವು ಬಂದೇ ಇಲ್ರಿ.”

ಆ ದಿನ ರಾಯರು ಓಣಿಯ ನಾಯಿ ಮಲಗಿದ್ದೂ ಲೆಕ್ಕಿಸದೆ ಮನೆಗೆ ಬಂದರು. ಬದಲಿ ರದ್ದಾಯಿತೆಂದು ಕೇಳಿ ಕೃಷ್ಣಾಬಾಯಿ ಕೈಯಲ್ಲಿದ್ದ ಸೌಟು ಬಿಟ್ಟು ಅಲ್ಲೇ ನೆಲಕ್ಕೆ ಹಣೆಹಚ್ಚಿ ನಮಸ್ಕಾರ ಮಾಡಿದಳು. ಎದ್ದಾಗ ಅವಳ ಕಣ್ಣೂ ಒದ್ದೆಯಾಗಿತ್ತು.

“ನಾ ಹರಕಿ ಹೊತ್ತಿದ್ದೆ ರೀ. ನೀವು ಅಂಜುಬುರುಕರು ಅನ್ನೂದು ಸಾಹೇಬರಿಗೆ ಮನವರಿಕಿ ಆಗಲಿ ಅಂತ. ದೇವರು ನಡಿಸಿಕೊಟ್ಟ.”

“ಛಲೋ ಮಾಡಿದಿ,” ಎಂದರು ರಾಯರು ಹೆಮ್ಮೆಯಿಂದ. “ಯಾವ ದೇವರಿಗೆ ಹೊತ್ತಿದ್ದಿ? ಮಂತ್ರಾಲಯಕ್ಕೇನು?”

“ಅಷ್ಟ ದೂರ ಯಾಕ? ಈ ಕೆಲಸ ಯಾವ ದೇವರದು ಅದಕ್ಕ ಕೇಳಿಕೊಂಡೆ. ವಾಘೋಬಾಗ. ಬರೋ ಮಂಗಳವಾರ ಸಂಜೀಕ ನಿಮ್ಮ ಕೈಲೇನ ಅವನ ಮಾರಿಗೆ ಶೇಂದೂರ ಹಚ್ಚಸ್ತೀನಿ ಅಂತ ಬೇಡಿಕೊಂಡೀನಿ.”

“ಮಧ್ಯಾಹ್ನ ಹಚ್ಚಿದ್ರ ನಡ್ಯೂದಿಲ್ಲೇನು?”

“ಸಂಜೀಕ ಅಂತ ಬೇಡಿಕೊಂಡೀನಿ. ತಪ್ಪಿದ್ರ ಕಾಡತಾನ.”

ರಾಯರು ಎದ್ದು ಗೂಟದ ಮೇಲಿನ ಟೋಪಿ ತೆಗೆದು ತಲೆಗಿಟ್ಟುಕೊಂಡರು.

“ಈಗ ಬಂದವರು ಮತ್ತ ಎಲ್ಲಿ ಹೊಂಟ್ರಿ?”

“ಸಾಹೇಬರ ಮನಿಗೆ,” ಎಂದರು ರಾಯರು. “ಹಳಿಯಾಳದ ಜಾಗಾ ಇನ್ನೂ ಖಾಲಿ ಅದ ಏನು, ಕೇಳಿ ಬರತೀನಿ.”